ಹಿಮೋಗ್ಲೋಬಿನ್ ಬರ್ತಾ ಇಲ್ಲ ಮೇಡಂ

ಕೇಳುಗರಿಗೆ ನಮಸ್ಕಾರ.

ಹೋದ ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಕಾಯಿ ಸುಲಿಯುತ್ತಾ ಕೂತಿದ್ದೆ. ಫೋನ್ ಬಂತು. ಕೈಗೆಲ್ಲ ಸೊಗಡು ಹತ್ತಿತ್ತು, ಹಾಗಾಗಿ ಸ್ಪೀಕರ್ ಹಾಕಿದೆ. ಪೀಣ್ಯದ ಕಡೆಯ ನನ್ನ ವಿದ್ಯಾರ್ಥಿನಿ. “ಮೇಡಂ, ಹಿಮೋಗ್ಲೋಬಿನ್ ಬರ್ತಾ ಇಲ್ಲ. ಒಂದು ಸಲ ಬಂತು, ಆಮೇಲೆ ಹೋಯ್ತು” ಅಂದಳು. ಪಕ್ಕದಲ್ಲಿದ್ದ ನಮ್ಮ ಅತ್ತೆಗೆ ಗಾಬರಿ. “ಅಯ್ಯೋ ಪಾಪ, ಬೀಟ್‌ರೂಟ್ ಪಲ್ಯ ತಿನ್ನೋಕೆ ಹೇಳಮ್ಮ” ಅಂದರು.

ಹುಡುಗಿ ಆರಾಮಾಗೇ ಇದ್ದಳು. ಕಾಯಿಲೆ ಬಿದ್ದಿದ್ದು ನನ್ನ ವೆಬ್‌ಪುಟ. ನಾನು ಡಿಗ್ರಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಅಣುಗಳನ್ನು ಬೆರಳಲ್ಲಿ ತಿರುಗಿಸಿ ನೋಡಲಿ ಅಂತ ಒಂದು ಪುಟ ಮಾಡಿಟ್ಟಿದ್ದೇನೆ. ಬಾನುಲಿಯಲ್ಲಿ ತೋರಿಸೋಕೆ ಆಗಲ್ಲ, ಊಹಿಸಿಕೊಳ್ಳಿ. ನಾಲ್ಕು ನೂಲಿನ ಉಂಡೆ ಒಂದಕ್ಕೊಂದು ಅಂಟಿ ಕೂತಿವೆ. ಒಂದೊಂದು ಉಂಡೆಯೊಳಗೂ ಒಂದು ಕಬ್ಬಿಣದ ಚುಕ್ಕೆ. ಅದೇ ಹಿಮೋಗ್ಲೋಬಿನ್. ಬೋರ್ಡ್ ಮೇಲೆ ಬರೆದರೆ ದೋಸೆ ಥರ ಚಪ್ಪಟೆಯಾಗಿಬಿಡುತ್ತದೆ.

ಆ ಅಣುವಿನ ಫೈಲ್ 1984ರದ್ದು. ಪ್ರೋಟೀನ್‌ಗಳ ಆಕಾರವನ್ನೆಲ್ಲ ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಅದರ ಗುರುತು 4ಎಚ್‌ಎಚ್‌ಬಿ. ಒಳಗಿರುವುದು ಬಹುಪಾಲು ಅಂಕಿಗಳೇ. 4,000ಕ್ಕೂ ಜಾಸ್ತಿ ಪರಮಾಣು, ಯಾವುದು ಎಲ್ಲಿದೆ ಅಂತ ಒಂದೊಂದು ಸಾಲು. ಆ ಅಂಕಿಗಳು ಇವತ್ತಿಗೂ ಕೆಲಸಕ್ಕೆ ಬರುತ್ತವೆ. ಹಳತಾಗುವುದು ಅದನ್ನು ತೋರಿಸುವ ವ್ಯೂವರ್. 1996ರಲ್ಲಿ ಚೈಮ್ ಅಂತ ಒಂದು ಪ್ಲಗಿನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್ ಬಂತು, ನೆಟ್‌ಸ್ಕೇಪ್ ಅನ್ನುವ ಹಳೇ ಬ್ರೌಸರ್ ಕಾಲದ್ದು. ಆಮೇಲೆ ಜೆಮಾಲ್ ಅನ್ನುವ ವ್ಯೂವರ್ ಬಂತು, ಬ್ರೌಸರ್‌ನಲ್ಲಿ ಅದು ಓಡೋಕೆ ಜಾವಾ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನ ಪ್ಲಗಿನ್ ಬೇಕಿತ್ತು. 2015ರಲ್ಲಿ ಕ್ರೋಮ್ ಇಂಥ ಪ್ಲಗಿನ್‌ಗಳಿಗೆ ಬಾಗಿಲು ಹಾಕಿತು. 2017ರಲ್ಲಿ ಫೈರ್‌ಫಾಕ್ಸ್ ಕೂಡ ಹಾಕಿತು. ಆಗ ನಾನಿದ್ದ ಕಾಲೇಜಿನ ಲ್ಯಾಬ್‌ನಲ್ಲಿ ಒಂದು ಬೆಳಗ್ಗೆ ಎಲ್ಲ ಕಂಪ್ಯೂಟರ್‌ಗಳಲ್ಲೂ ಅಣು ಇರಬೇಕಾದ ಕಡೆ ಬೂದು ಡಬ್ಬ. ನೆಟ್ ಸ್ಲೋ ಇರಬೇಕು ಅಂತ ಎರಡು ದಿನ ಸುಮ್ನೆ ಕಾದೆವು!

ಅಂಥ ಹಳೇ ಪುಟಗಳು ಈಗಲೂ ಸಿಗುತ್ತವೆ. ಜಾವಾ ಹಾಕಿಕೊಳ್ಳಿ ಅಂತ ಕೇಳುತ್ತವೆ. ಹಾಕಬೇಡಿ. ಹಾಕಿದರೂ ಇವತ್ತಿನ ಬ್ರೌಸರ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಜೆಮಾಲ್‌ನದೇ ಜಾವಾಸ್ಕ್ರಿಪ್ಟ್ ರೂಪ ಜೆಎಸ್‌ಮಾಲ್ ಇದೆ, ಪುಟದವರು ಅದಕ್ಕೆ ಬದಲಾಯಿಸಬೇಕು, ಅಷ್ಟೇ.

ಈಗ ಯಾರಾದರೂ “ಓಪನ್ ಆಗ್ತಿಲ್ಲ” ಅಂದರೆ, ಡಬ್ಬದಲ್ಲಿ ಏನು ಕಾಣಿಸ್ತಿದೆ ಅಂತ ಮೊದಲು ಕೇಳುತ್ತೇನೆ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಬರೀ ಕಪ್ಪು ಅಥವಾ ಬಿಳಿ ಡಬ್ಬ ಅಂದರೆ ನನಗೆ ವೆಬ್‌ಜಿಎಲ್ ಮೇಲೆ ಅನುಮಾನ. ಇವತ್ತಿನ ವ್ಯೂವರ್‌ಗಳು, ಅಂದರೆ 3ಡಿಮಾಲ್, ಮಾಲ್‌ಸ್ಟಾರ್ ಥರದವು, ಚಿತ್ರ ಬಿಡಿಸೋಕೆ ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್‌ಗೆ ವೆಬ್‌ಜಿಎಲ್ ಮೂಲಕ ಕೆಲಸ ಹೇಳುತ್ತವೆ. ಎಸ್.ಪಿ. ರೋಡಿನಿಂದ ತಂದ ಸೆಕೆಂಡ್‌ ಹ್ಯಾಂಡ್ ಕಂಪ್ಯೂಟರ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್, ಅಂದರೆ ಆ ಚಿಪ್ ನಡೆಸುವ ಸಾಫ್ಟ್‌ವೇರ್, ತೀರಾ ಹಳೆಯದಿದ್ದರೆ ಬ್ರೌಸರ್ ತಾನೇ ಆ ದಾರಿ ಮುಚ್ಚಿಬಿಡಬಹುದು. ಇಲ್ಲವೇ, ಕಂಪ್ಯೂಟರ್ ಹ್ಯಾಂಗ್ ಆಗುತ್ತೆ ಅಂತ ಯಾರೋ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಆಕ್ಸಿಲರೇಷನ್ ಆಫ್ ಮಾಡಿರುತ್ತಾರೆ. ಗೆಟ್ ಡಾಟ್ ವೆಬ್‌ಜಿಎಲ್ ಡಾಟ್ ಆರ್ಗ್ ಅನ್ನುವ ಪುಟ ತೆಗೆಯಿರಿ. ಒಂದು ಘನ ಗಿರಗಿರ ತಿರುಗಿದರೆ ವೆಬ್‌ಜಿಎಲ್ ಇದೆ. ತಿರುಗದಿದ್ದರೆ ಆ ಸೆಟ್ಟಿಂಗ್ ಆನ್ ಮಾಡಿ, ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆಗೆಯಿರಿ.

ಇನ್ನು ಐಫೋನ್. “ಬೇರೆ ಬ್ರೌಸರ್‌ನಲ್ಲಿ ನೋಡಮ್ಮ” ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ, ಅಲ್ವಾ? ನಮ್ಮ ದೇಶದಲ್ಲಿ ಸಿಗುವ ಐಫೋನ್‌ನಲ್ಲಿ ಕ್ರೋಮ್ ತೆಗೆದರೂ ಒಳಗೆ ಓಡುವುದು ಸಫಾರಿಯ ಎಂಜಿನ್ನೇ. ಬೋರ್ಡ್ ಬೇರೆ, ಅಡುಗೆಭಟ್ಟ ಅವನೇ.

ಲ್ಯಾಪ್‌ಟಾಪ್ ಆದರೆ ಎಫ್12 ಒತ್ತಿ, ಕನ್ಸೋಲ್ ಅನ್ನುವಲ್ಲಿ ಕೆಂಪು ಸಾಲು ಓದಿ. 404 ಅಂತಿದ್ದರೆ ಫೈಲ್ ಸಿಕ್ಕಿಲ್ಲ. ನನ್ನದೇ ಎಡವಟ್ಟು ಕೇಳಿ: ಫೈಲಿನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ದೊಡ್ಡದಿತ್ತು, ಪುಟದಲ್ಲಿ ಸಣ್ಣದು ಬರೆದಿದ್ದೆ. ಮನೆಯ ವಿಂಡೋಸ್ ಎರಡೂ ಒಂದೇ ಅಂದುಕೊಂಡು ನಡೆಸಿಕೊಟ್ಟಿತು. ಸರ್ವರ್‌ನಲ್ಲಿರುವ ಲಿನಕ್ಸ್ ಒಪ್ಪಲಿಲ್ಲ. ಸುರಕ್ಷಿತವಾದ ಎಚ್‌ಟಿಟಿಪಿಎಸ್ ಪುಟಕ್ಕೆ ಆ ಸುರಕ್ಷತೆ ಇಲ್ಲದ ಹಳೇ ಎಚ್‌ಟಿಟಿಪಿ ವಿಳಾಸದಿಂದ ಸ್ಕ್ರಿಪ್ಟ್ ತಂದರೂ ಬ್ರೌಸರ್ ತಡೆಯುತ್ತದೆ. ಪುಟವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ತೆಗೆದರೆ ಅಣುವಿನ ಫೈಲ್ ಓದೋಕೆ ಸಾಮಾನ್ಯವಾಗಿ ಬಿಡುವುದಿಲ್ಲ.

ಆದರೆ ನಮ್ಮ ಹುಡುಗಿಯದು ಇದ್ಯಾವುದೂ ಅಲ್ಲ. “ಒಂದು ಸಲ ಬಂತು, ಆಮೇಲೆ ಹೋಯ್ತು” ಅಂದಳಲ್ಲ, ಅದನ್ನು ನಾನು ಕಿವಿಗೇ ಹಾಕಿಕೊಂಡಿರಲಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿದೆ, ನಿನ್ನ ಫೋನೇ ಸರಿಯಿಲ್ಲ ಅಂದುಬಿಟ್ಟಿದ್ದೆ. “ಇಲ್ಲ ಮೇಡಂ, ಕೆಳಗಡೆ ಸಕ್ಕರೆ, ಕೊಬ್ಬು ಎಲ್ಲಾ ಕಾಣಿಸ್ತಿದೆ. ಮೇಲಿನ ನಾಲ್ಕು ಮಾತ್ರ ಇಲ್ಲ” ಅಂದಳು. ಆಗ ಹೊಳೆಯಿತು. ಪುಟದಲ್ಲಿ ಒಟ್ಟು 12 ಅಣು ಇಟ್ಟಿದ್ದೆ. ಒಂದೊಂದಕ್ಕೂ ಒಂದು ವೆಬ್‌ಜಿಎಲ್ ಜಾಗ ಬೇಕು. ಕ್ರೋಮ್ ಆಂಡ್ರಾಯ್ಡ್ ಫೋನಿನಲ್ಲಿ ಕೊಡುವುದು 8, ಕಂಪ್ಯೂಟರ್‌ನಲ್ಲಿ 16. ಊಟದ ಪಂಕ್ತಿಯಲ್ಲಿ ಎಂಟೇ ಎಲೆ ಹಾಕಿ ಹನ್ನೆರಡು ಜನರನ್ನು ಕರೆದ ಹಾಗೆ. ಒಂಬತ್ತನೆಯವರು ಬಂದರೆ ಮೊದಲು ಕೂತವರನ್ನು ಎಬ್ಬಿಸುತ್ತಾರೆ. ಮೊದಲು ಕೂತಿದ್ದು ಹಿಮೋಗ್ಲೋಬಿನ್. ಕೋಸಂಬರಿ ಮುಟ್ಟುವ ಮೊದಲೇ ಎದ್ದು ಹೋಗಬೇಕಾಯಿತು, ಪಾಪ.

ನನ್ನ ಲ್ಯಾಪ್‌ಟಾಪ್‌ನಲ್ಲಿ 16 ಎಲೆ. ಅದಕ್ಕೇ ನನಗೆ ಗೊತ್ತೇ ಆಗಿರಲಿಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಓದುವುದು ಮನೆಯಲ್ಲಿರುವ ಒಂದೇ ಫೋನಿನಲ್ಲಿ, ಅದೂ ಅಮ್ಮನ ಕೆಲಸ ಮುಗಿದ ಮೇಲೆ. ಆ ಫೋನಿನಲ್ಲಿ ಒಂದು ಸಲವೂ ನೋಡದೆ ಪುಟ ಕಟ್ಟಿದ್ದು ನನ್ನ ತಪ್ಪೇ.

ಎರಡು ಸಂಜೆ ಕೂತು ಬದಲಾಯಿಸಿದೆ. ಈಗ ಹನ್ನೆರಡೂ ಕಡೆ ಮೊದಲು ಬರೀ ಫೋಟೊ ಬರುತ್ತದೆ. ಮುಟ್ಟಿದ ಅಣು ಮಾತ್ರ ಎದ್ದು ತಿರುಗುತ್ತದೆ, ಇನ್ನೊಂದನ್ನು ಮುಟ್ಟಿದರೆ ಹಳೆಯದು ಮತ್ತೆ ಫೋಟೊ ಆಗಿಬಿಡುತ್ತದೆ. ವೆಬ್‌ಜಿಎಲ್ ಇಲ್ಲದವರಿಗೂ ಕಡೇಪಕ್ಷ ಫೋಟೊ ಸಿಗುತ್ತದೆ. ಪುಟವೂ ಬೇಗ ತೆರೆಯುತ್ತದೆ.

ಮೂರನೇ ದಿನ ಅವಳೇ ಫೋನ್ ಮಾಡಿ, ಬಂತು ಮೇಡಂ, ತಿರುಗ್ತಾ ಇದೆ ಅಂದಳು. ಅತ್ತೆ ಕೇಳಿದರು, “ಆ ಹುಡುಗಿಗೆ ಹಿಮೋಗ್ಲೋಬಿನ್ ಸರಿಹೋಯ್ತಾ?” ಹೋಯ್ತು ಅಂದೆ. “ನಾನು ಹೇಳಲಿಲ್ವಾ, ಬೀಟ್‌ರೂಟ್” ಅಂದರು.

ನಮಸ್ಕಾರ.