ಜ್ಞಾನಸ್ನಾನದ ರಿಜಿಸ್ಟರಿನ ಒಂದು ಸಾಲು: ಶಿವಮೊಗ್ಗದ ದೊಡ್ಡ ಚರ್ಚಿನ ಐಟಿ ಕೆಲಸ

ನಮಸ್ಕಾರ. ಪರದೆ ಮೇಲೆ ಕಾಣ್ತಿರೋದು ಜ್ಞಾನಸ್ನಾನದ, ಅಂದ್ರೆ ಬ್ಯಾಪ್ಟಿಸಂನ ರಿಜಿಸ್ಟರ್. ಎಡಗಡೆ ಕ್ರಮಸಂಖ್ಯೆ, ಆಮೇಲೆ ಮಗುವಿನ ಹೆಸರು, ಹುಟ್ಟಿದ ದಿನ, ಅಪ್ಪ, ಅಮ್ಮ, ಊರು, ಜ್ಞಾನ ತಂದೆ-ತಾಯಿ, ಕೊನೆಗೆ ಗುರುಗಳ ಸಹಿ. ಬಲತುದಿಯ ಈ ಅಂಕಣ ನೋಡಿ. ಷರಾ ಅಂತ ಬರೆದಿದೆ, ಬಹುಪಾಲು ಖಾಲಿ ಇದೆ.

ಚರ್ಚಿನ ಐಟಿ ಅಂದ್ರೆ ಎಲ್ಲರ ಕಣ್ಣು ಮೊದಲು ಹೋಗೋದು ಲೈವ್ ಕ್ಯಾಮೆರಾ, ಎಲ್‌ಇಡಿ ಪರದೆ ಕಡೆಗೆ. ಲೈವ್ ಈ ಭಾನುವಾರ ಕೆಟ್ರೆ ಮುಂದಿನ ಭಾನುವಾರಕ್ಕೆ ಸರಿ ಮಾಡಬಹುದು. ಈ ಅಂಕಣದಲ್ಲಿ ಬರೀಬೇಕಾದ ಒಂದು ಸಾಲು ತಪ್ಪಿಹೋದ್ರೆ, ಇಪ್ಪತ್ತೈದು ವರ್ಷ ಕಳೆದು ಯಾರೋ ಕಾಗದಕ್ಕಾಗಿ ಅಲೀಬೇಕಾಗತ್ತೆ.

ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 535ನೇ ವಿಧಿ ಪ್ರಕಾರ ದೃಢೀಕರಣ (ಕನ್ಫರ್ಮೇಶನ್ ಸಂಸ್ಕಾರ), ಮದುವೆ, ದತ್ತು, ಗುರುದೀಕ್ಷೆ ಇವೆಲ್ಲ ಜ್ಞಾನಸ್ನಾನದ ರಿಜಿಸ್ಟರಿನಲ್ಲೇ ನಮೂದಾಗಬೇಕು, ಸರ್ಟಿಫಿಕೇಟ್ ಕೊಡುವಾಗ ಅದೂ ಸೇರಿರಬೇಕು. ತೀರ್ಥಹಳ್ಳಿಯಲ್ಲಿ ಜ್ಞಾನಸ್ನಾನ ಆದವರು ಬೆಂಗಳೂರಲ್ಲಿ ಮದುವೆ ಆದ್ರೆ, ಬೆಂಗಳೂರಿನ ಚರ್ಚು ತೀರ್ಥಹಳ್ಳಿಗೆ ತಿಳಿಸಬೇಕು, ಅಲ್ಲಿನ ಪುಸ್ತಕದಲ್ಲಿ ಷರಾ ಬೀಳಬೇಕು. ಅಂದ್ರೆ ಒಬ್ಬರ ದಾಖಲೆ ಎರಡು ಮೂರು ಊರಿನ ನಡುವೆ ಓಡಾಡ್ತಿರತ್ತೆ. ಸಾಫ್ಟ್‌ವೇರ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಈ ಓಡಾಟ ಅದರಲ್ಲಿ ಹಿಡಿಸತ್ತಾ?

ಚರ್ಚ್‌ಸಿಆರ್‌ಎಂ ಅನ್ನೋ ಚರ್ಚಿನ ದಾಖಲೆ ಸಾಫ್ಟ್‌ವೇರ್ ಉಚಿತ, ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಮೇಲೆ ಓಡತ್ತೆ, ಸಾಧಾರಣ ಹೋಸ್ಟಿಂಗ್ ಸಾಕು. ಅದೇ ಬಗೆಯ ರಾಕ್ ಆರ್‌ಎಂಎಸ್ ಇನ್ನೂ ದೊಡ್ಡದು, ಅದಕ್ಕೆ ವಿಂಡೋಸ್ ಸರ್ವರ್, ಎಸ್‌ಕ್ಯೂಎಲ್ ಸರ್ವರ್ ಬೇಕು, ನೋಡ್ಕೊಳ್ಳೋಕೆ ಒಬ್ಬ ಗೊತ್ತಿರುವವರೂ ಬೇಕು. ಎರಡರಲ್ಲೂ ಕುಟುಂಬ, ಗುಂಪು, ಕಾಣಿಕೆ ಲೆಕ್ಕ ಚೆನ್ನಾಗಿದೆ. ಆದ್ರೆ ವಾಳೆ (ಚರ್ಚಿನ ವಾರ್ಡು), ಗುರ್ಕಾರ (ವಾಳೆಯ ಮುಖಂಡ), ಷರಾ ಅಂಕಣ, ಇವನ್ನ ನಾವೇ ಸೇರಿಸ್ಕೋಬೇಕು. ನಮ್ಮ ಸಲಹೆ: ವ್ಯಕ್ತಿಗೆ ಒಂದೇ ಐಡಿ, ಪ್ರತಿ ಸಂಸ್ಕಾರಕ್ಕೂ ಬೇರೆ ಟೇಬಲ್. ಷರಾಗೆ ಇನ್ನೊಂದು ಟೇಬಲ್, ಅದರಲ್ಲಿ ನಾಲ್ಕು ತಾರೀಖು: ಪತ್ರ ಬಂದ ದಿನ, ಪುಸ್ತಕದಲ್ಲಿ ಬರೆದ ದಿನ, ನಾವು ಪತ್ರ ಕಳಿಸಿದ ದಿನ, ಅದಕ್ಕೆ ಉತ್ತರ ಬಂದ ದಿನ. 30 ದಿನ ದಾಟಿಯೂ ಖಾಲಿ ಇರೋ ತಾರೀಖುಗಳ ಪಟ್ಟಿ ಪ್ರತಿ ಸೋಮವಾರ ಕಚೇರಿ ಮೇಜಿನ ಮೇಲಿರಬೇಕು.

ಈಗ ಹೆಸರಿಗೆ ಬರೋಣ. ಹೆಚ್ಚು ಸಮಯ ತಿನ್ನೋದು ಇದೇ. ಡಿಸೋಜ, ಡಿಸೋಜಾ, ಡಿ ಸೋಜ, ಇವು ಮೂರೂ ಒಂದೇ ಮನೆಯವರ ಮೂರು ಕಾಗದದಲ್ಲಿ ಇರತ್ತೆ. ತುಂಬಾ ಹಳೇ ಪುಸ್ತಕ ಆದ್ರೆ ಹೆಸರು ಲ್ಯಾಟಿನಲ್ಲಿ ಯೊವಾನ್ನೆಸ್ ಅಂತಿರತ್ತೆ, ಮನೇಲಿ ಕರೆಯೋದು ಜುವಾಂವ್, ಆಧಾರ್ ಕಾರ್ಡಲ್ಲಿ ಜಾನ್. ಪುಸ್ತಕದಲ್ಲಿ ಇದ್ದದ್ದನ್ನ ತಿದ್ದೋ ಹಕ್ಕು ಟೈಪ್ ಮಾಡೋರಿಗೆ ಇಲ್ಲ. ಇದ್ದದ್ದು ಇದ್ದ ಹಾಗೆ ಒಂದು ಅಂಕಣದಲ್ಲಿ, ಹುಡುಕೋಕೆ ಬೇಕಾದ ರೂಪಗಳೆಲ್ಲ ಇನ್ನೊಂದರಲ್ಲಿ.

ಕಣ್ಣಿಗೆ ಕಾಣದ ತೊಂದರೆ ಬೇರೆ ಇದೆ. ಪರದೆ ಮೇಲೆ ಎರಡು ‘ಸೋ’ ಇದೆ. ನೋಡೋಕೆ ಒಂದೇ. ಮೊದಲನೇದರಲ್ಲಿ ಓತ್ವ ಒಂದೇ ಸಂಕೇತ, ಎರಡನೇದರಲ್ಲಿ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಅಂತ ಮೂರು ತುಂಡು. ಹುಡುಕಿದ್ರೆ ಕಂಪ್ಯೂಟರಿಗೆ ಇವು ಬೇರೆ ಬೇರೆ ಜನ. ಫರ್ನಾಂಡಿಸ್ ಅನ್ನೋದನ್ನ ಕೆಲವರು ಅರ್ಕಾವತ್ತು ಹಾಕಿ ಬರೀತಾರೆ, ಕೆಲವರು ರ ಕೆಳಗೆ ನ ಒತ್ತು ಕೊಡ್ತಾರೆ, ಆ ಎರಡನೇ ರೂಪದ ಮಧ್ಯೆ ಒಂದು ಕಾಣದ ಜಾಯ್ನರ್ ಅಕ್ಷರ ಕೂತಿರತ್ತೆ. ಪರಿಹಾರ ಸುಲಭ: ಡೇಟಾಬೇಸಿಗೆ ಹೋಗೋ ಮುಂಚೆ ಯುನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ, ಅಂದ್ರೆ ತುಂಡುಗಳನ್ನ ಒಂದೇ ಸಂಕೇತವಾಗಿ ಕೂಡಿಸೋ ರೂಪಕ್ಕೆ ತನ್ನಿ, ಹುಡುಕೋ ಅಂಕಣದಿಂದ ಜಾಯ್ನರ್ ತೆಗೀರಿ. ಟೇಬಲ್ ಎಲ್ಲ ಲಿಪಿಯನ್ನೂ ಹಿಡಿಯೋ ಯುಟಿಎಫ್-8 ಎಂಬಿ4 ಸಂಕೇತದಲ್ಲೇ ಇರಲಿ. ಇಂಗ್ಲಿಷಿನಂಥ ಭಾಷೆಗಳಿಗಷ್ಟೇ ಆಗೋ ಲ್ಯಾಟಿನ್-1ನಲ್ಲಿ ಇದ್ರೆ ಕನ್ನಡ ಪೂರ್ತಿ ಪ್ರಶ್ನಾರ್ಥಕ ಚಿಹ್ನೆ ಆಗಿ ಕೂರತ್ತೆ, ಅದನ್ನ ವಾಪಸ್ ತರೋಕೆ ದಾರಿ ಇಲ್ಲ. ಹಳೇ ನುಡಿ ಫಾಂಟಿನ ಗೀತೆ ಫೈಲುಗಳಿಗೂ ಇದೇ ಮಾತು. ಹಾಡಿನ ಸಾಲು ಪರದೆಗೆ ತೋರಿಸೋ ಓಪನ್‌ಎಲ್‌ಪಿ ಸಾಫ್ಟ್‌ವೇರಿಗೆ ಹಾಕೋ ಮುಂಚೆ ಯುನಿಕೋಡಿಗೆ ಬದಲಾಯಿಸಿ, ಆಮೇಲೆ ಗಾನವೃಂದದ ಒಬ್ಬರ ಹತ್ರ ಒಂದೊಂದು ಸಾಲೂ ಓದಿಸಿ. ಒತ್ತಕ್ಷರಗಳೇ ಹೆಚ್ಚು ಕೆಡೋದು.

ಊರಿನ ಹೆಸರೂ ಅಷ್ಟೇ. 2014ರ ನವೆಂಬರ್ 1ರವರೆಗೆ ಇಂಗ್ಲಿಷ್ ದಾಖಲೆಗಳಲ್ಲಿ ಶಿಮೊಗ್ಗ, ಆಮೇಲೆ ಶಿವಮೊಗ್ಗ. ಶಿವಮೊಗ್ಗ ಧರ್ಮಕ್ಷೇತ್ರ ಆಗಿದ್ದು 1988ರಲ್ಲಿ, 1963ರಿಂದ ಅಲ್ಲಿವರೆಗಿನ ಪತ್ರಗಳಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಅಂತಿರತ್ತೆ. ಇನ್ನು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿನ್ನೀರಲ್ಲಿ ಮುಳುಗಿಹೋದ ಊರುಗಳು. ಪಿನ್‌ಕೋಡಿನಿಂದ ಊರು ಆರಿಸೋ ಪಟ್ಟಿ ಇಟ್ರೆ ಅಂಥ ಊರು ಬರೆಯೋಕೆ ಜಾಗವೇ ಸಿಗಲ್ಲ, ಟೈಪ್ ಮಾಡೋರು ಹತ್ತಿರದ ಯಾವುದೋ ಊರು ಒತ್ತಿಬಿಡ್ತಾರೆ. ಹಾಗೆ ಆಗಬಾರದು. ಒಂದು ಊರು ನೀರಿನ ಕೆಳಗೆ ಹೋಯ್ತು ಅಂತ ಅಲ್ಲಿ ಹುಟ್ಟಿದವರ ದಾಖಲೆಯಿಂದಲೂ ಹೋಗೋದು ಸರಿಯಲ್ಲ. ಊರಿಗೆ ಸ್ವಂತ ಐಡಿ ಕೊಡಿ, ಹಳೇ ಹೆಸರು, ಹೊಸ ಹೆಸರು ಎರಡೂ ಅದಕ್ಕೇ ಸೇರಲಿ, ಪಿನ್‌ಕೋಡ್ ಇಲ್ಲದೆಯೂ ಉಳಿಯೋಕೆ ಬಿಡಿ.

ಸ್ಕ್ಯಾನಿಂಗ್. ಹಳೇ ಪುಸ್ತಕವನ್ನ ಫ್ಲಾಟ್‌ಬೆಡ್ ಮೇಲೆ ಮಗುಚಿ ಒತ್ತಬೇಡಿ, ಬೆನ್ನು ಬಿಡತ್ತೆ. ಮೇಲಿಂದ ಕ್ಯಾಮೆರಾ, ಎರಡೂ ಕಡೆಯಿಂದ 45 ಡಿಗ್ರಿಯಲ್ಲಿ ದೀಪ. ಬಣ್ಣದಲ್ಲೇ ತೆಗೀರಿ, ಕಪ್ಪು-ಬಿಳುಪಲ್ಲಿ ಮಾಸಿದ ನೀಲಿ ಶಾಯಿ ಮಾಯ ಆಗತ್ತೆ. ಎ3 ಅಳತೆಯ ಒಂದು ಜೋಡಿಪುಟ 300 ಡಿಪಿಐನಲ್ಲಿ ಕುಗ್ಗಿಸದೆ ಇಟ್ರೆ ಸುಮಾರು 52 ಎಂಬಿ. 300 ಪುಟದ ಪುಸ್ತಕಕ್ಕೆ 150 ಜೋಡಿಪುಟ, ಹತ್ತಿರ 8 ಜಿಬಿ. ಫೈಲ್ ಹೆಸರಲ್ಲಿ ಪುಸ್ತಕದ ಸಂಖ್ಯೆ, ಪುಟ, ಸ್ಕ್ಯಾನ್ ಮಾಡಿದ ತಾರೀಖು ಮೂರೂ ಇರಲಿ. ಆ ತಾರೀಖು ಯಾಕೆ ಅಂತ ಕೊನೇಲಿ ಗೊತ್ತಾಗತ್ತೆ.

ಸ್ಕ್ಯಾನ್ ಮಾಡಿದ ಕ್ಷಣದಿಂದ ಅದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಕಡೆಗೂ ಹೊರಳತ್ತೆ. ಕಾಗದದಲ್ಲೇ ಇರೋ ದಾಖಲೆಗೆ ಆ ಕಾಯ್ದೆ ಅನ್ವಯ ಆಗಲ್ಲ, ಡಿಜಿಟಲ್ ಮಾಡಿದ್ದಕ್ಕೆ ಆಗತ್ತೆ. 18 ವರ್ಷದೊಳಗಿನವರ ವಿವರಕ್ಕೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು, ಭದ್ರತೆ ಇಡದೆ ಹೋದ್ರೆ ದಂಡ 250 ಕೋಟಿ ರೂಪಾಯಿವರೆಗೆ. ಗುರ್ಕಾರರಿಗೆ ತಮ್ಮ ವಾಳೆಯ ಮನೆ, ಫೋನ್ ಕಂಡ್ರೆ ಸಾಕು. ಕಾಣಿಕೆ ಲೆಕ್ಕ ಕಾಣಬಾರದು. ಮದುವೆ ಅಸಿಂಧು ಆದ ಷರಾ ಫಾದರ್ ಬಿಟ್ಟು ಇನ್ಯಾರಿಗೂ ಕಾಣಬಾರದು. ವಾಳೆಯ ಪಟ್ಟಿಯನ್ನ ಎಕ್ಸೆಲ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕೋ ಅಭ್ಯಾಸ ಇದ್ರೆ ಇವತ್ತೇ ನಿಲ್ಲಿಸಿ.

ಕಾಣಿಕೆಯಲ್ಲಿ ಒಂದೇ ಒಂದು ವಿಷಯ ಹೇಳ್ತೀವಿ. ಗಲ್ಫಿನಲ್ಲಿ ಇದ್ದೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ರೆ ಅದು ವಿದೇಶಿ ವಂತಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಕೊಂಡವರು ಕೊಟ್ರೆ ಅದು ವಿದೇಶಿ ವಂತಿಗೆ ಕಾಯ್ದೆ ಎಫ್‌ಸಿಆರ್‌ಎ ಕೆಳಗೆ ಬರತ್ತೆ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆನ್‌ಲೈನ್ ಫಾರ್ಮಿನಲ್ಲಿ ‘ಯಾವ ದೇಶದಲ್ಲಿದ್ದೀರಿ’ ಅಂತ ಕೇಳಿದ್ರೆ ಸಾಲದು, ‘ಯಾವ ದೇಶದ ಪಾಸ್‌ಪೋರ್ಟ್’ ಅಂತ ಕೇಳಿ.

ಇನ್ನು ಮಲೆನಾಡಿನ ಹವೆ. ಮಷೀನು ಹೆಚ್ಚು ಸುಡೋದು ಜೋರು ಮಳೆಗಾಲದಲ್ಲಿ ಅಲ್ಲ, ಅದಕ್ಕೆ ಮುಂಚೆ, ಭರಣಿ, ಕೃತ್ತಿಕೆ ಮಳೆಯ ಗುಡುಗು ಸಿಡಿಲಿಗೆ. ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಒಣಗಿರತ್ತೆ, ಅರ್ಥಿಂಗ್ ಗುಂಡಿ ಕೆಲಸ ಮಾಡಲ್ಲ. ಏಪ್ರಿಲ್ ಶುರುವಲ್ಲೇ ಗುಂಡಿಗೆ ನೀರು ಹಾಕಿಸಿ, ಮಲ್ಟಿಮೀಟರಲ್ಲಿ ನ್ಯೂಟ್ರಲ್-ಅರ್ಥ್ ನಡುವೆ ಅಳೀರಿ. 3 ವೋಲ್ಟ್ ದಾಟಿದ್ರೆ ಎಲೆಕ್ಟ್ರಿಷಿಯನ್ ಕರೆಸಿ. ಚರ್ಚು, ಗುರುಗಳ ಮನೆ, ಶಾಲೆ, ಈ ಮೂರರ ನಡುವೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೀಬೇಡಿ. ಹತ್ರ ಎಲ್ಲಾದ್ರೂ ಸಿಡಿಲು ಬಿದ್ರೆ ಎರಡು ಕಟ್ಟಡದ ನೆಲದ ವೋಲ್ಟೇಜ್ ಬೇರೆ ಬೇರೆ ಆಗತ್ತೆ, ಆ ವ್ಯತ್ಯಾಸ ತಾಮ್ರದ ಮೇಲೆ ಹರಿದು ಎರಡೂ ತುದಿಯ ಸ್ವಿಚ್ ಹೋಗತ್ತೆ. ಲೋಹದ ಕವಚ ಇಲ್ಲದ ಫೈಬರ್ ಹಾಕಿ. ಗಾಜಿನಲ್ಲಿ ಕರೆಂಟ್ ಹರಿಯಲ್ಲ.

ಯುಪಿಎಸ್ ಲೆಕ್ಕ ಹೀಗೆ. ಸರ್ವರ್, ರೂಟರ್, ಸ್ವಿಚ್, ಕ್ಯಾಮೆರಾ ಎಲ್ಲ ಸೇರಿ 200 ವ್ಯಾಟ್ ಅಂದ್ಕೊಳ್ಳಿ. 12 ವೋಲ್ಟ್ 26 ಎಎಚ್‌ನ ಮೂರು ಬ್ಯಾಟರಿ 936 ವ್ಯಾಟ್-ಅವರ್. ಅದರಲ್ಲಿ ನೆಚ್ಚಬಹುದಾದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಂದ್ರೆ ಎರಡೂವರೆ ಗಂಟೆ. ಲೇಸರ್ ಪ್ರಿಂಟರನ್ನ ಯುಪಿಎಸ್‌ಗೆ ಸಿಕ್ಕಿಸಬೇಡಿ, ಅದು ಬಿಸಿ ಆಗುವಾಗ ಎಳೆಯೋ ಕರೆಂಟಿಗೆ ಎಲ್ಲ ಆಫ್ ಆಗತ್ತೆ.

ಲೈವ್ ಬಗ್ಗೆ ಚಿಕ್ಕದಾಗಿ. ಲೈವ್ ಕಳಿಸೋ ಸಾಫ್ಟ್‌ವೇರ್ ಒಬಿಎಸ್‌ನಲ್ಲಿ 1080ಪಿ, 30 ಫ್ರೇಮ್, 6000 ಕೆಬಿಪಿಎಸ್, ಕೀಫ್ರೇಮ್ 2 ಸೆಕೆಂಡ್. ಅಪ್‌ಲೋಡ್ ಅದರ ಎರಡರಷ್ಟಿರಲಿ. ಕ್ರಿಸ್ಮಸ್ ರಾತ್ರಿ ಮೊಬೈಲ್ ಡೇಟಾ ನಂಬಬೇಡಿ, ಅಂಗಳದಲ್ಲಿ ಸೇರಿದ ಅಷ್ಟೂ ಫೋನು ಅದೇ ಟವರ್ ಮೇಲಿರತ್ತೆ. ರೆಕಾರ್ಡಿಂಗ್ ಎಂಕೆವಿ ಬಗೆಯ ಫೈಲಿನಲ್ಲಿ ಇಡಿ, ಮಧ್ಯೆ ಕರೆಂಟ್ ಹೋದ್ರೂ ಅಲ್ಲಿವರೆಗಿನದು ಉಳಿಯತ್ತೆ. ಮಿಕ್ಸರಿನ ಸಭೆಯ ಧ್ವನಿಯನ್ನೇ ಲೈವ್‌ಗೆ ಕೊಟ್ರೆ ಮನೇಲಿ ಕೂತ ಅಜ್ಜಿಗೆ ಫಾದರ್ ಮಾತ್ರ ಕೇಳಿಸ್ತಾರೆ, ಗಾನವೃಂದ ಕೇಳಿಸಲ್ಲ. ಯಾಕಂದ್ರೆ ಕಟ್ಟಡದಲ್ಲಿ ಹಾಡು ತಾನಾಗೇ ತುಂಬ್ಕೊಳ್ಳತ್ತೆ ಅಂತ ಅದರ ಮೈಕ್ ತಗ್ಗಿಸಿರ್ತಾರೆ. ಲೈವ್‌ಗೆ ಬೇರೆ ಆಕ್ಸ್, ಅಂದ್ರೆ ಮಿಕ್ಸರಿನಿಂದ ಹೊರಡೋ ಪ್ರತ್ಯೇಕ ಧ್ವನಿ ದಾರಿ ಇಟ್ಟು, ಸಭೆ ಕಡೆ ಮುಖ ಮಾಡಿದ ಎರಡು ಮೈಕ್ ಸೇರಿಸಿ.

ಬೇಸಿಗೆಯಲ್ಲಿ ಗುರುಗಳ ವರ್ಗಾವಣೆ ಆಗತ್ತೆ, ಹುಡುಗರು ಕೆಲಸಕ್ಕೆ ಬೆಂಗಳೂರಿಗೆ ಹೋಗ್ತಾರೆ. ಡೊಮೇನ್, ಯೂಟ್ಯೂಬ್ ಚಾನೆಲ್, ಇಮೇಲ್ ಯಾವುದೂ ಒಬ್ಬರ ಸ್ವಂತ ಹೆಸರಲ್ಲಿ ಇರಬಾರದು. ಚಾನೆಲ್‌ಗೆ ಕಡಿಮೆ ಅಂದ್ರೂ ಇಬ್ಬರು ಮಾಲೀಕರು. ಒಟಿಪಿ ಬರೋ ಸಿಮ್ ಚರ್ಚಿನದು, ಅದರ ರೀಚಾರ್ಜ್ ತಾರೀಖು ಕಚೇರಿ ಕ್ಯಾಲೆಂಡರಲ್ಲಿ. ನಿಂತುಹೋದ ನಂಬರ್ ಬೇರೆಯವರ ಕೈಗೆ ಹೋಗತ್ತೆ.

ಬ್ಯಾಕಪ್ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಬೇರೆ ಜಾಗ ಅಂದ್ರೆ ಅದೇ ಕಾಂಪೌಂಡಿನ ಶಾಲೆ ಅಲ್ಲ, ಬೇರೆ ತಾಲೂಕು. ಹಾರ್ಡ್‌ಡಿಸ್ಕನ್ನ ಸದಾ ಸಿಕ್ಕಿಸಿಯೇ ಇಟ್ರೆ ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕತ್ತೆ. ಎರಡು ಡಿಸ್ಕ್ ಇಟ್ಟು ವಾರ ಬಿಟ್ಟು ವಾರ ಬದಲಾಯಿಸಿ, ಬಿಚ್ಚಿದ್ದನ್ನ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿ ಆಯ್ತು ಅಂದ್ರೆ ಥಂಡಿ ಹೀರಿ ತುಂಬಿದೆ ಅಂತ.

ತಿಂಗಳ ಮೊದಲ ಶನಿವಾರ ಪರೀಕ್ಷೆ. ಖಾಲಿ ಲ್ಯಾಪ್‌ಟಾಪಿಗೆ ಬ್ಯಾಕಪ್ ಇಳಿಸಿ, ಮನಸ್ಸಿಗೆ ಬಂದ ಒಂದು ಕ್ರಮಸಂಖ್ಯೆ ತೆಗೆದು, ಡೇಟಾಬೇಸ್, ಸ್ಕ್ಯಾನ್, ಪುಸ್ತಕ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ನೋಡೋದು. ಈಗ ತೆಗೆದಿದ್ದು 214. ಹೆಸರು ಸರಿ ಇದೆ, ಊರು ಸರಿ ಇದೆ. ಪುಸ್ತಕದ ಷರಾ ಅಂಕಣದಲ್ಲಿ ನೀಲಿ ಶಾಯಿಯ ಒಂದು ಸಾಲು ಇದೆ, ಮದುವೆಯ ತಾರೀಖು, ಚರ್ಚಿನ ಹೆಸರು. ಸ್ಕ್ಯಾನಿನಲ್ಲಿ ಆ ಜಾಗ ಖಾಲಿ. ಫೈಲ್ ಹೆಸರಿನ ತಾರೀಖು ನೋಡಿ: ಮದುವೆಗೆ ಎಂಟು ತಿಂಗಳು ಮುಂಚಿನದು. ಆಮೇಲೆ ಯಾರೋ ಪುಸ್ತಕದಲ್ಲಿ ಬರೆದಿದ್ದಾರೆ, ಡೇಟಾಬೇಸಿಗೆ ಹಾಕಿಲ್ಲ. ದೀಪ ಹಚ್ಚಿ, ಈ ಪುಟವನ್ನ ಮತ್ತೆ ತೆಗೀತಿದ್ದೀವಿ.