ಜ್ವರಗಡ್ಡೆಯನ್ನು ತೆಗೆಯುವ ಮುನ್ನ

(ದೃಶ್ಯ: ಮಂಚದ ಮೇಲೆ ಮಲಗಿರುವ ರೋಗಿ, ಹೊಟ್ಟೆಯ ಬಲ ಕೆಳಮೂಲೆಯಲ್ಲಿ ವೈದ್ಯರ ಅಂಗೈ.)

ನಮಸ್ಕಾರ. ಗುಲ್ಮ, ಎಂದರೆ ಸ್ಪ್ಲೀನ್, ಇರುವುದು ಎಡಪಕ್ಕೆಲುಬುಗಳ ಮರೆಯಲ್ಲಿ. ಆದರೂ ಅದನ್ನು ಹುಡುಕುವ ವೈದ್ಯರು ಮೊದಲು ಕೈಯಿಡುವುದು ಹೊಟ್ಟೆಯ ಬಲ ಕೆಳಮೂಲೆಯಲ್ಲಿ. ರೋಗಿ ಉಸಿರೆಳೆದಂತೆಲ್ಲ ಆ ಕೈ ಓರೆಯಾಗಿ ಎಡಪಕ್ಕೆಯತ್ತ ಸರಿಯುತ್ತದೆ, ಏಕೆಂದರೆ ಊದಿದ ಗುಲ್ಮ ಬೆಳೆದು ಬರುವುದು ಅದೇ ಓರೆ ದಾರಿಯಲ್ಲಿ. ಆರೋಗ್ಯವಂತರಲ್ಲಿ ಸುಮಾರು 150 ಗ್ರಾಂ ತೂಗುವ ಈ ಅಂಗ ಸಾಮಾನ್ಯವಾಗಿ ಕೈಗೆ ಸಿಗುವುದೇ ಇಲ್ಲ. ಮಲೇರಿಯಾ ಬೀಡುಬಿಟ್ಟಿದ್ದ ಕಾಲದ ಮಲೆನಾಡಿನಲ್ಲಿ ಮಾತ್ರ ಅದು ಎಷ್ಟು ಜನರ ಹೊಟ್ಟೆಯಲ್ಲಿ ಕೈಗೆ ಸಿಗುತ್ತಿತ್ತೆಂದರೆ, ಅದಕ್ಕೆ ‘ಜ್ವರಗಡ್ಡೆ’ ಎಂಬ ಹೆಸರೇ ಬಳಕೆಯಲ್ಲಿತ್ತು.

(ದೃಶ್ಯ: ಗುಲ್ಮದ ಕಿರಿದಾದ ಸಂದುಗಳಲ್ಲಿ ನುಸುಳುವ ಕೆಂಪು ರಕ್ತಕಣಗಳು.)

ಸುಮಾರು 120 ದಿನ ಬಾಳಿ ಬಿಗಿಯಾದ ಕೆಂಪುಕಣಗಳು ಈ ಸಂದುಗಳಲ್ಲಿ ನುಸುಳಲಾರದೆ ಸಿಕ್ಕಿಬೀಳುತ್ತವೆ. ಅವುಗಳನ್ನು ಒಡೆದು ವಿಲೇವಾರಿ ಮಾಡುವುದು ಗುಲ್ಮದ ನಿತ್ಯದ ಕೆಲಸ. ಲಿವರ್ ಗಟ್ಟಿಯಾಗುವ ಸಿರೋಸಿಸ್‌ನಿಂದಲೋ ಆನುವಂಶಿಕ ರಕ್ತಹೀನತೆಯಾದ ಥಲಸ್ಸೀಮಿಯಾದಿಂದಲೋ ಅದು ಊದಿಕೊಂಡಾಗ ಒಳ್ಳೆಯ ಕಣಗಳೂ ಅಲ್ಲಿ ತಡೆಹಿಡಿಯಲ್ಪಡುತ್ತವೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳ ಕಥೆ ಇನ್ನೂ ವಿಚಿತ್ರ: ಸಹಜ ಸ್ಥಿತಿಯಲ್ಲಿ ಅವುಗಳ ಮೂರನೇ ಒಂದು ಭಾಗ ಗುಲ್ಮದಲ್ಲಿ ತಂಗಿರುತ್ತದೆ, ತೀರಾ ಊದಿದಾಗ ಶೇ. 90ರವರೆಗೂ ಅಲ್ಲೇ ಉಳಿಯಬಹುದು. ಎಂದರೆ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣದ ಪ್ಲೇಟ್‌ಲೆಟ್‌ಗಳಲ್ಲಿ ಬಹುಪಾಲು ಸತ್ತಿಲ್ಲ, ದಾಸ್ತಾನಿನಲ್ಲಿವೆ. ಆದ್ದರಿಂದ ಚೀಟಿಯ ಅಂಕಿಗಷ್ಟೇ ಹೆದರಿ ಗುಲ್ಮವನ್ನು ತೆಗೆಸಲು ಧಾವಿಸುವುದು ನನಗೆ ಸರಿ ಕಾಣುವುದಿಲ್ಲ.

ಚಿಕಿತ್ಸೆ ಮೊದಲು ಸೇರಬೇಕಾದದ್ದು ಮೂಲ ಕಾಯಿಲೆಗೆ. ಮಲೇರಿಯಾ ವಾಸಿಯಾದರೆ ಗುಲ್ಮ ಮೆಲ್ಲಗೆ ಕುಗ್ಗುತ್ತದೆ. ಅದು ಸಾಲದ ಕೆಲವರಲ್ಲಿ ಕ್ಯಾತಿಟರ್ ಎಂಬ ಸಣ್ಣ ನಳಿಕೆಯ ಮೂಲಕ ಗುಲ್ಮದ ರಕ್ತನಾಳದ ಕವಲುಗಳನ್ನಷ್ಟೇ ಮುಚ್ಚಿ, ಅಂಗದ ಒಂದು ಪಾಲನ್ನು ನಿಷ್ಕ್ರಿಯಗೊಳಿಸಿ ಉಳಿದದ್ದನ್ನು ಕಾಪಾಡುತ್ತಾರೆ. ಕೆಂಪುಕಣಗಳು ಗುಂಡಗಾಗುವ ಆನುವಂಶಿಕ ಕಾಯಿಲೆ ತೀವ್ರವಾಗಿದ್ದಾಗ ಗುಲ್ಮ ತೆಗೆಯುವ ಶಸ್ತ್ರಚಿಕಿತ್ಸೆ ನಿಜಕ್ಕೂ ಫಲ ಕೊಡುತ್ತದೆ. ಆದರೆ ಅದರ ಬೆಲೆ ತಿಳಿದದ್ದೂ ಅದೇ ರೋಗಿಗಳಿಂದ. ಗುಲ್ಮ ತೆಗೆಸಿಕೊಂಡ ಐದು ಶಿಶುಗಳಲ್ಲಿ ತೀವ್ರ ಸೋಂಕು ಉಂಟಾದುದನ್ನು 1952ರಲ್ಲಿ ಕಿಂಗ್ ಮತ್ತು ಶುಮಾಕರ್ ಎಂಬ ಅಮೆರಿಕದ ವೈದ್ಯರು ವರದಿ ಮಾಡಿದರು.

(ದೃಶ್ಯ: ದಪ್ಪ ಕವಚದ ನ್ಯುಮೋಕಾಕಸ್ ಬ್ಯಾಕ್ಟೀರಿಯಾ.)

ಕವಚ ತೊಟ್ಟ ಈ ಬ್ಯಾಕ್ಟೀರಿಯಾಗಳನ್ನು ರೋಗಾಣುಗಳನ್ನು ನುಂಗುವ ಭಕ್ಷಕ ಕಣಗಳು ಸುಲಭವಾಗಿ ಹಿಡಿಯಲಾರವು. ಪ್ರತಿಕಾಯಗಳಿಂದ ಅವುಗಳಿಗೆ ಗುರುತು ಹಚ್ಚಿಸುವ ವಿಶೇಷ ಬಿ-ಕಣಗಳೆಂಬ ಬಿಳಿ ರಕ್ತಕಣಗಳ ಮುಖ್ಯ ನೆಲೆ ಗುಲ್ಮ. ಅದು ಹೋದರೆ ಬೆಳಗ್ಗೆ ಬರಿಯ ಚಳಿಜ್ವರವೆನಿಸಿದ್ದು ಒಂದೆರಡು ದಿನದೊಳಗೆ ಪ್ರಾಣಕ್ಕೇ ಎರವಾಗಬಹುದು. ಹಾಗಾಗಿ ಇಂಥ ಕವಚದ ಬ್ಯಾಕ್ಟೀರಿಯಾಗಳಾದ ನ್ಯುಮೋಕಾಕಸ್, ಮೆನಿಂಗೋಕಾಕಸ್ ಮತ್ತು ಹಿಬ್‌ಗಳ ವಿರುದ್ಧದ ಲಸಿಕೆಗಳನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ ಎರಡು ವಾರ ಮೊದಲೇ ಕೊಡಬೇಕು, ಮಕ್ಕಳಿಗೆ ವರ್ಷಗಟ್ಟಲೆ ಪೆನಿಸಿಲಿನ್ ಬೇಕಾಗಬಹುದು, ಥಲಸ್ಸೀಮಿಯಾದ ಮಕ್ಕಳಲ್ಲಿ ಐದು ವರ್ಷ ತುಂಬುವವರೆಗೆ ಸಾಧ್ಯವಾದಷ್ಟು ಶಸ್ತ್ರಚಿಕಿತ್ಸೆಯನ್ನೇ ಮುಂದೂಡುತ್ತಾರೆ.

ಗುಲ್ಮವಿಲ್ಲದವರು ಆ ಸಂಗತಿಯನ್ನು ಬರೆದ ಚೀಟಿಯೊಂದನ್ನು ಪರ್ಸಿನಲ್ಲಿಟ್ಟುಕೊಂಡಿರಲಿ. ಜ್ವರ ಬಂದರೆ ನಾಳೆ ನೋಡೋಣವೆನ್ನದೆ ಅಂದೇ ಆಸ್ಪತ್ರೆಗೆ ಹೋಗಲಿ. ನಾಯಿ ಕಚ್ಚಿದಾಗ ಅವರಿಗೆ ರೇಬೀಸ್ ಲಸಿಕೆಯೊಂದೇ ಸಾಲದು. ನಾಯಿಯ ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಕೂಡ ಅವರ ರಕ್ತವನ್ನು ನಂಜೇರಿಸಬಲ್ಲದಾದ್ದರಿಂದ, ಗಾಯ ಸಣ್ಣದಿದ್ದರೂ ಆ್ಯಂಟಿಬಯಾಟಿಕ್ ಬೇಕಾಗುತ್ತದೆ.