ಚರ್ಮ ಸುಲಿದಾಗ ಜೊತೆಗೇನಿದೆ, ನೋಡಿ

ಕೇಳುಗರೇ, ನಮಸ್ಕಾರ.

ಚರ್ಮ ಸುಲಿಯಿತೆಂದ ಕೂಡಲೇ ಗಾಬರಿಯಾಗಬೇಕಿಲ್ಲ. ಹೊರಚರ್ಮ ಸುಮಾರು 4 ವಾರಕ್ಕೊಮ್ಮೆ ಹೊಸದಾಗುತ್ತಲೇ ಇರುತ್ತದೆ. ಹಳೆಯದು ನಮ್ಮ ಕಣ್ಣಿಗೆ ಕಾಣದಂತೆ ಉದುರುತ್ತದೆ. ಸೋರಿಯಾಸಿಸ್‌ ಎಂಬ ಚರ್ಮರೋಗ ಇದ್ದವರಲ್ಲಿ ಈ ಕೆಲಸ ಕೆಲವೇ ದಿನಗಳಲ್ಲಿ ನಡೆದುಬಿಡುವುದರಿಂದ ಬಿಳಿ ಹೊಟ್ಟು ದಪ್ಪಗೆ ಕಟ್ಟುತ್ತದೆ. ಅದು ಅಂಟುರೋಗವಲ್ಲ. ದಯವಿಟ್ಟು ಅಂಥವರನ್ನು ಮುಟ್ಟಲು ಹಿಂಜರಿಯಬೇಡಿ.

ಕಾಲ್ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಸುಲಿದು ತುರಿಸುತ್ತಿದ್ದರೆ, ಹೆಚ್ಚಾಗಿ ಶಿಲೀಂಧ್ರದ ಸೋಂಕು. ಅದಕ್ಕೆ ಯಾರೋ ಹೇಳಿದರೆಂದು ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆಯೇನೋ ಅಡಗುತ್ತದೆ, ಸೋಂಕು ಮಾತ್ರ ಹಬ್ಬುತ್ತಲೇ ಹೋಗುತ್ತದೆ.

ಇನ್ನು, ಜ್ವರದ ಜೊತೆ ಬರುವ ಸುಲಿತದ ಮಾತೇ ಬೇರೆ. ಪುಟ್ಟ ಮಗುವಿಗೆ 5 ದಿನವಾದರೂ ಜ್ವರ ಬಿಟ್ಟಿಲ್ಲ, ಕಣ್ಣು ಕೆಂಪಾಗಿದೆ ಆದರೆ ಪಿಸುರಿಲ್ಲ, ತುಟಿ ಒಡೆದಿದೆ, ಅಂಗೈ ಅಂಗಾಲು ಊದಿವೆ ಎಂದರೆ ಅದು ಕವಾಸಾಕಿ ರೋಗವಿರಬಹುದು. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ 1967ರಲ್ಲಿ ಇದನ್ನು ವಿವರಿಸಿದರು. ಇಲ್ಲಿ ಉಗುರಿನ ಅಂಚಿನಿಂದ ಬೆರಳತುದಿ ಸುಲಿಯುವುದು ಎರಡನೆಯ, ಮೂರನೆಯ ವಾರದಲ್ಲಿ. ಅಷ್ಟರೊಳಗೆ ಹೃದಯದ ರಕ್ತನಾಳಗಳಿಗೆ ಪೆಟ್ಟು ಬಿದ್ದಿರಬಹುದು. ಜ್ವರ ಶುರುವಾದ 10 ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ರೋಗನಿರೋಧಕ ಪ್ರೋಟೀನನ್ನು ರಕ್ತನಾಳದ ಮೂಲಕ ಕೊಟ್ಟರೆ ಆ ಅಪಾಯ ಬಹಳ ತಗ್ಗುತ್ತದೆ. ಆದ್ದರಿಂದ, ತಾಯಂದಿರೇ, ಚರ್ಮ ಸುಲಿಯಲಿ ಆಮೇಲೆ ನೋಡೋಣ ಎಂದು ಕಾಯಬೇಡಿ.

ನಾನು ಒತ್ತಿ ಹೇಳಬೇಕಾದದ್ದು ಮಾತ್ರೆಗಳ ವಿಷಯ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಗೌಟ್‌ ಎಂಬ ಕೀಲುನೋವಿಗೆ ಕೊಡುವ ಅಲೊಪ್ಯೂರಿನಾಲ್, ಕೆಲವು ಸಲ್ಫಾ ಔಷಧಗಳು ಕೋಟ್ಯಂತರ ಜನರಿಗೆ ಒಳ್ಳೆಯದನ್ನೇ ಮಾಡಿವೆ. ತೀರಾ ಅಪರೂಪಕ್ಕೆ, ಹೆಚ್ಚಾಗಿ ಶುರುಮಾಡಿದ ಮೊದಲ ಕೆಲವು ವಾರಗಳಲ್ಲಿ, ಇವು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂಬ, ಚರ್ಮ ಕಳಚುವ ಗಂಭೀರ ತೊಂದರೆ ತರುತ್ತವೆ. ಮೊದಲಿಗೆ ಮಾಮೂಲಿ ಜ್ವರವೆನ್ನಿಸುತ್ತದೆ. ಕಣ್ಣು ಉರಿಯುತ್ತದೆ, ನುಂಗಲು ನೋವು. ಆಮೇಲೆ ಕಪ್ಪುಗೆಂಪು ಕಲೆಗಳು, ಬಾಯಿಯಲ್ಲಿ ಹುಣ್ಣು, ಮೈಮೇಲೆ ಬೊಕ್ಕೆ. ಬೆರಳಿಂದ ಮೆಲ್ಲಗೆ ಒತ್ತಿ ಸರಿಸಿದರೂ ಮೇಲಿನ ಪದರ ಜಾರಿಬರುತ್ತದೆ. ಸುಲಿತ ಮೈಯ ಶೇಕಡಾ 30ನ್ನು ಮೀರಿದರೆ ಅದು ಸುಟ್ಟಗಾಯದಷ್ಟೇ ಗಂಭೀರ, ಜೀವಕ್ಕೇ ಅಪಾಯ.

ಇಂಥದ್ದು ಕಂಡರೆ ಬೆಳಗಾಗಲಿ ಎನ್ನಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಮುಂದಿನ ಮಾತ್ರೆ ನುಂಗುವ ಮೊದಲೇ ವೈದ್ಯರಿಗೆ ವಿಷಯ ತಿಳಿಸಿ. ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳನ್ನೂ ಖಾಲಿ ಸ್ಟ್ರಿಪ್‌ಗಳ ಸಮೇತ ಒಯ್ಯಿರಿ. ಯಾವ ಔಷಧ ಆಗಿಬರಲಿಲ್ಲವೆಂದು ತಿಳಿದ ಮೇಲೆ ಅದರ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಸದಾ ಜೊತೆಯಲ್ಲಿಟ್ಟುಕೊಳ್ಳಿ. ಒಡಹುಟ್ಟಿದವರಿಗೂ ಮಕ್ಕಳಿಗೂ ಆ ಹೆಸರು ಗೊತ್ತಿರಲಿ.